ಸರ್ವೊ ಮೋಟರ್‌ಗೆ ಎಷ್ಟು ಆಕ್ಸಿಲರೇಷನ್ ಕೊಡಬಹುದು? ಲೆಕ್ಕ ಹೀಗೆ

ಮನೆಯಲ್ಲಿ ಕಟ್ಟಿದ ಸಿಎನ್‌ಸಿಗೆ (ಕಂಪ್ಯೂಟರ್ ನಡೆಸುವ ಕತ್ತರಿಸುವ ಯಂತ್ರ) ಸರ್ವೊ (ತನ್ನ ಸ್ಥಾನವನ್ನು ತಾನೇ ಅಳೆದು ಸರಿಪಡಿಸಿಕೊಳ್ಳುವ ಮೋಟರ್) ಹಾಕಿದವರು ಮೊದಲು ಕೈಹಾಕುವುದು ವೇಗದ ಸೆಟ್ಟಿಂಗ್‌ಗೆ. ಆದರೆ ಕೆಲಸದ ಚೆಂದ ಜಾಸ್ತಿ ನಿಂತಿರುವುದು ಆಕ್ಸಿಲರೇಷನ್ ಮೇಲೆ, ಅಂದರೆ ವೇಗ ಎಷ್ಟು ಬೇಗ ಏರುತ್ತದೆ ಎಂಬುದರ ಮೇಲೆ. ನಾನೂ ಅದನ್ನು ಮೊದಲು ಸುಮ್ನೆ ಅಂದಾಜಿನಲ್ಲಿ ಇಟ್ಟಿದ್ದೆ. ಅಲ್ಯೂಮಿನಿಯಂ ತುಂಡಿನ ಪ್ರತಿ ಮೂಲೆ ದಾಟಿದ ಕೂಡಲೇ ಸಣ್ಣ ಸಣ್ಣ ಅಲೆ ಬೀಳುತ್ತಿತ್ತು. ಕಾರಣ ತಿಳಿದದ್ದು ಕೂತು ಲೆಕ್ಕ ಹಾಕಿದ ಮೇಲೆ.

ಒಂದು ಉದಾಹರಣೆ ಹಿಡಿಯೋಣ. 400 ವ್ಯಾಟ್ ಸರ್ವೊ, 3000 ಆರ್‌ಪಿಎಂ, ರೇಟೆಡ್ ಟಾರ್ಕ್ (ಸತತವಾಗಿ ಕೊಡಬಲ್ಲ ತಿರುಗಿಸುವ ಬಲ) 1.27 ನ್ಯೂಟನ್ ಮೀಟರ್. ಟೇಬಲನ್ನು ಸಾಗಿಸುವ ಬಾಲ್ ಸ್ಕ್ರೂ (ಗುಂಡುಗಳ ಮೇಲೆ ಉರುಳುವ ತಿರುಪು) 16 ಮಿ.ಮೀ. ದಪ್ಪ, 600 ಮಿ.ಮೀ. ಉದ್ದ, ಒಂದು ಸುತ್ತಿಗೆ 5 ಮಿ.ಮೀ. ಸಾಗುತ್ತದೆ. ತುಂಡನ್ನು ಹಿಡಿಯುವ ವೈಸ್ ಸೇರಿ ಟೇಬಲ್ 20 ಕೆಜಿ.

ಹೆಜ್ಜೆ 1: ಇನರ್ಷಿಯಾ ಕೂಡಿಸಿ

ಬೀಸುವ ಕಲ್ಲನ್ನು ನೆನೆಯಿರಿ. ತಿರುಗಿದ ಮೇಲೆ ಸಲೀಸು, ಶುರು ಮಾಡುವುದೇ ಕಷ್ಟ. ಕಲ್ಲು ಅಗಲವಾದಷ್ಟೂ ಇನ್ನೂ ಕಷ್ಟ. ಆ ಹಟವೇ ಇನರ್ಷಿಯಾ.

ಮೋಟರ್‌ನೊಳಗೆ ತಿರುಗುವ ರೋಟರ್‌ನದು ಕ್ಯಾಟಲಾಗ್‌ನಲ್ಲೇ ಇರುತ್ತದೆ. ಇಲ್ಲಿ 0.3 ಕೆಜಿ-ಚದರ ಸೆಂ.ಮೀ. ಎಂದುಕೊಳ್ಳಿ. ಸ್ಕ್ರೂಗೆ, ವ್ಯಾಸವನ್ನು ಮೀಟರ್‌ನಲ್ಲಿ ಬರೆದು ಅದರ ನಾಲ್ಕನೇ ಘಾತ ತೆಗೆಯಿರಿ. ಅದನ್ನು ಉದ್ದ 0.6, ಉಕ್ಕಿನ ಸಾಂದ್ರತೆ 7850 ಮತ್ತು 3.14ರಿಂದ ಗುಣಿಸಿ, 32ರಿಂದ ಭಾಗಿಸಿ. 0.00003 ಕೆಜಿ-ಚದರ ಮೀಟರ್ ಬರುತ್ತದೆ, ಅಂದರೆ ಇದೂ 0.3. ಟೇಬಲ್‌ಗೆ, ಒಂದು ಸುತ್ತಿಗೆ ಸಾಗುವ 0.005 ಮೀಟರನ್ನು 6.283ರಿಂದ (ಎರಡು ಪೈ) ಭಾಗಿಸಿದರೆ 0.000796. ಅದರ ವರ್ಗವನ್ನು 20ರಿಂದ ಗುಣಿಸಿದರೆ ಸಿಗುವುದು 0.000013 ಕೆಜಿ-ಚದರ ಮೀಟರ್, ಅಂದರೆ ಬರೀ 0.13.

ನನಗೆ ತುಂಬಾ ಆಶ್ಚರ್ಯವಾದದ್ದು ಇಲ್ಲೇ. ತೆಳ್ಳಗಿನ ಸ್ಕ್ರೂ ಮೋಟರ್‌ಗೆ 20 ಕೆಜಿ ಟೇಬಲ್‌ಗಿಂತ ಎರಡು ಪಟ್ಟಿಗೂ ಜಾಸ್ತಿ ಭಾರ! ಗಟ್ಟಿಯಾಗಿರಲಿ ಎಂದು 20 ಮಿ.ಮೀ. ಸ್ಕ್ರೂ ಹಾಕಿದರೆ ಅದೊಂದೇ 0.74ಕ್ಕೆ ಏರುತ್ತದೆ. ಟೇಬಲ್ ಹಗುರ ಮಾಡಲು ತೂತು ಕೊರೆಯುವ ಮೊದಲು ಇದನ್ನು ನೋಡಿಕೊಳ್ಳಿ.

ಮೋಟರ್‌ಗೂ ಸ್ಕ್ರೂಗೂ ಕೊಂಡಿಯಾದ ಕಪ್ಲಿಂಗ್‌ಗೆ 0.02 ಸೇರಿಸಿದರೆ ಒಟ್ಟು 0.75. ಚದರ ಸೆಂ.ಮೀ.ಯಿಂದ ಚದರ ಮೀಟರ್‌ಗೆ ತರಲು 10,000ದಿಂದ ಭಾಗಿಸಬೇಕು, 100ರಿಂದ ಅಲ್ಲ. ಲೆಕ್ಕ ತಪ್ಪುವವರು ಹೆಚ್ಚಾಗಿ ಎಡವುವುದು ಇಲ್ಲೇ. ಸಿಗುವುದು 0.000075.

ಹೆಜ್ಜೆ 2: ಉಳಿಯುವ ಟಾರ್ಕ್

ರೇಟೆಡ್ ಟಾರ್ಕ್‌ನಲ್ಲಿ ಘರ್ಷಣೆಗೆ 0.2 ಕಳೆಯಿರಿ. 1.07 ಉಳಿಯಿತು. ಪೀಕ್ ಟಾರ್ಕ್ ರೇಟೆಡ್ ಟಾರ್ಕ್‌ನ ಸುಮಾರು ಮೂರು ಪಟ್ಟು ಇದೆ, ಆದರೆ ಅದು ಕೆಲವೇ ಸೆಕೆಂಡಿನ ಬಲ. ಕಟ್ಟರ್ ಲೋಹಕ್ಕೆ ಕಚ್ಚಿದಾಗ ಬೇಕಾಗುತ್ತದೆ, ಮುಟ್ಟಬೇಡಿ.

ಹೆಜ್ಜೆ 3: ಭಾಗಿಸಿ

1.07ನ್ನು 0.000075ರಿಂದ ಭಾಗಿಸಿ, 0.000796ರಿಂದ ಗುಣಿಸಿ. ಸೆಕೆಂಡಿಗೆ ಸೆಕೆಂಡಿಗೆ ಸುಮಾರು 11.3 ಮೀಟರ್. ಭೂಮಿಯ ಗುರುತ್ವಕ್ಕಿಂತಲೂ ಜಾಸ್ತಿ!

ಹೆಜ್ಜೆ 4: ಫ್ರೇಮನ್ನು ಕೇಳಿ

ಇದನ್ನೇ ಕಂಟ್ರೋಲರ್‌ಗೆ ತುಂಬಬೇಡಿ. 20 ಕೆಜಿಯನ್ನು 11.3ರಿಂದ ಗುಣಿಸಿ ನೋಡಿ: 226 ನ್ಯೂಟನ್. ಪ್ರತಿ ಮೂಲೆಯಲ್ಲೂ ಸುಮಾರು 23 ಕೆಜಿ ತೂಕದಷ್ಟು ಬಲ ಫ್ರೇಮನ್ನು ತಳ್ಳುತ್ತದೆ. ಬೋಲ್ಟ್ ಹಾಕಿ ಜೋಡಿಸಿದ ಅಲ್ಯೂಮಿನಿಯಂ ಫ್ರೇಮ್ ಅಷ್ಟಕ್ಕೆ ನಡುಗದೆ ಇರುತ್ತಾ? ನನ್ನ ಮೂಲೆಯ ಅಲೆಗಳು ಆ ನಡುಕದ ಗುರುತು. ಮೋಟರ್‌ನಲ್ಲಿ ಏನೂ ಕೊರತೆ ಇರಲಿಲ್ಲ.

ಫ್ರೇಮ್‌ನ ಮಿತಿಗೆ ಸುಲಭದ ಸೂತ್ರವಿಲ್ಲ, ಕತ್ತರಿಸಿಯೇ ನೋಡಬೇಕು. ಸೆಕೆಂಡಿಗೆ ಸೆಕೆಂಡಿಗೆ 1000 ಮಿ.ಮೀ.ಯಿಂದ ಶುರು ಮಾಡಿ. 40 ಮಿ.ಮೀ. ಚೌಕ ಕತ್ತರಿಸಿ, ಮೂಲೆಯನ್ನು ಓರೆ ಬೆಳಕಿನಲ್ಲಿ ಹಿಡಿದು ನೋಡಿ. 500 ಏರಿಸಿ, ಮತ್ತೆ ಕತ್ತರಿಸಿ. ಅಲೆ ಕಂಡ ಕೂಡಲೇ ಕಾಲುಭಾಗ ಇಳಿಸಿ. ಡ್ರೈವ್‌ನ ಸಾಫ್ಟ್‌ವೇರ್‌ನಲ್ಲಿ ಫಾಲೋಯಿಂಗ್ ಎರರ್ (ಹೇಳಿದ ಜಾಗಕ್ಕೂ ಮೋಟರ್ ಇರುವ ಜಾಗಕ್ಕೂ ಇರುವ ಅಂತರ) ಗ್ರಾಫ್ ಇದ್ದರೆ ಅದನ್ನೂ ಗಮನಿಸಿ. ಕಂಟ್ರೋಲರ್‌ನ ಸಾಫ್ಟ್‌ವೇರ್ ಗ್ರಬಲ್ (grbl) ಆದರೆ ಆಕ್ಸಿಲರೇಷನ್‌ನ ಈ ಸಂಖ್ಯೆ $120, $121, $122 ಸೆಟ್ಟಿಂಗ್‌ಗಳಲ್ಲಿ ಕೂರುತ್ತದೆ. ನನ್ನದು 2000ಕ್ಕೆ ನಿಂತಿತು. ಪೂರ್ತಿ ವೇಗ, ಅಂದರೆ ನಿಮಿಷಕ್ಕೆ 15 ಮೀಟರ್ ಮುಟ್ಟಲು ಅದಕ್ಕೆ 15.6 ಮಿ.ಮೀ. ಓಟ ಬೇಕು. ಚಿಕ್ಕ ಕೆಲಸದಲ್ಲಿ ಆ ವೇಗ ಬರುವುದೇ ಇಲ್ಲ, ಅಲ್ವಾ?

ಮೇಲೆ ಕೆಳಗೆ ಸಾಗುವ ಝಡ್ ಅಕ್ಷವನ್ನು ಬೇರೆಯಾಗಿಯೇ ಲೆಕ್ಕ ಹಾಕಿ. ಮೇಲೇರುವಾಗ ಸ್ಪಿಂಡಲ್‌ನ (ಕಟ್ಟರನ್ನು ತಿರುಗಿಸುವ ಭಾಗ) ತೂಕಕ್ಕೆ ತಗಲುವ ಟಾರ್ಕನ್ನೂ ಕಳೆಯಬೇಕು. ಅಲ್ಲಿಗೆ ಬ್ರೇಕ್ ಇರುವ ಮೋಟರನ್ನೇ ಕೊಳ್ಳಿ. ಬಾಲ್ ಸ್ಕ್ರೂ ತಾನಾಗಿ ತಡೆದು ನಿಲ್ಲುವುದಿಲ್ಲ. ಕರೆಂಟ್ ಹೋದರೆ ಸ್ಪಿಂಡಲ್ ಕೆಳಗಿಳಿದು ಕೆಲಸದ ಮೇಲೆ ಕೂರುತ್ತದೆ.