ಕನ್ನಡಿ ಬಿಟ್ಟ ಮೇಲೆ ಕೈಗೂಡಿದ ಎರಡು ಜಡೆ

ನನ್ನ ಎರಡು ಫ್ರೆಂಚ್ ಜಡೆಗಳನ್ನು ನಾನೇ ಹೆಣೆದುಕೊಳ್ಳುತ್ತೇನೆ ಎಂದರೆ ನಮ್ಮ ಕಬಡ್ಡಿ ತಂಡದಲ್ಲಿ ಯಾರೂ ನಂಬುತ್ತಿರಲಿಲ್ಲ. ಸಾಮಾನ್ಯ ಎರಡು ಜಡೆಯನ್ನು ಶಾಲೆಗೆ ಹೋಗುವ ಹುಡುಗಿಯೂ ಹಾಕಿಕೊಳ್ಳುತ್ತಾಳೆ. ಆದರೆ ಹಣೆಯಿಂದಲೇ ಕೂದಲು ಸೇರಿಸುತ್ತಾ, ತಲೆಗೆ ಅಂಟಿದಂತೆ ಕತ್ತಿನವರೆಗೆ ತರಬೇಕಾದರೆ ಬೆನ್ನ ಹಿಂದೆ ಇನ್ನೊಬ್ಬರು ನಿಲ್ಲಲೇಬೇಕು ಎಂಬುದು ಎಲ್ಲರ ಮಾತು. "ತಲೆಯ ಹಿಂದೆ ನಿನಗೆ ಕಣ್ಣುಂಟೇ ಮಾರಾಯ್ತಿ?" ಎಂದು ಅತ್ತಿಗೆ ಕೇಳಿದ್ದರು. ಪಾರ್ಲರಿನ ಅಕ್ಕನಂತೂ "ಎರಡು ದಿನ ಮಾಡುತ್ತೀ, ಮೂರನೆಯ ದಿನ ನನ್ನ ಹತ್ತಿರವೇ ಬರುತ್ತೀ" ಎಂದು ಖಡಾಖಂಡಿತ ಹೇಳಿಬಿಟ್ಟಿದ್ದರು. ಈಗ ಎರಡು ವರ್ಷಗಳಿಂದ ಪ್ರತಿ ಪಂದ್ಯಾಟಕ್ಕೂ ನನ್ನ ಜಡೆ ನನ್ನದೇ ಕೈಯದು. ತಂಡದ ಹುಡುಗಿಯರು ಬಸ್ಸಿನಲ್ಲಿ ಸಾಲುಗಟ್ಟಿ ಕೂತು ತಮ್ಮದನ್ನೂ ನನ್ನಿಂದಲೇ ಹಾಕಿಸಿಕೊಳ್ಳುತ್ತಾರೆ.

ನನ್ನ ಕೂದಲು ಸೊಂಟದ ಹತ್ತಿರಕ್ಕೆ ಬರುತ್ತದೆ. ಕತ್ತರಿಸಿಬಿಡು ಎಂದವರಿಗೆಲ್ಲ ಆಗುವುದಿಲ್ಲ ಎಂದಿದ್ದೇನೆ. ತುರುಬು ಕಟ್ಟಿ ಆಡಿದರೆ ಅಂಗಾತ ಬಿದ್ದಾಗ ಆ ಗಂಟೇ ಹಿಂದಲೆಗೆ ಒತ್ತುತ್ತದೆ. ಒಂಟಿ ಜಡೆ ಬಿಟ್ಟರೆ ಮೇಲೆ ಬಿದ್ದ ಡಿಫೆಂಡರ್‌ನ ಮೊಣಕಾಲಿನ ಅಡಿಗೆ ಸಿಕ್ಕಿಕೊಂಡು, ಏಳಲು ಹೋದರೆ ಕತ್ತು ಹಿಂದಕ್ಕೆ ಜಗ್ಗುತ್ತದೆ. ಕೈಕಾಲು, ಮುಂಡ ಬಿಟ್ಟು ಬೇರೆಲ್ಲೂ ಬೇಕೆಂದೇ ಹಿಡಿಯುವಂತಿಲ್ಲ ಎಂಬ ನಿಯಮ ಇದೆ, ನಿಜ. ಆದರೆ ಐದಾರು ಮಂದಿ ರಾಶಿಯಾಗಿ ಬಿದ್ದಾಗ ಯಾರ ಕೈಗೆ ಏನು ಸಿಕ್ಕಿದೆ ಎಂದು ಅಂಪೈರ್ ಬಗ್ಗಿ ನೋಡುವಷ್ಟರಲ್ಲಿ ನೋವು ಆಗಿಹೋಗಿರುತ್ತದೆ. ಪಿನ್ನು, ಕ್ಲಿಪ್ಪು ಚುಚ್ಚುವ ವಸ್ತುಗಳು, ಅಂಕಣದಲ್ಲಿ ಬೇಡವೇ ಬೇಡ. ಮೈಗೆ ಎಣ್ಣೆ ಸವರಿಕೊಂಡು ಇಳಿಯುವಂತಿಲ್ಲವಾದ್ದರಿಂದ, ಕತ್ತಿಗೆ ಇಳಿದುಬರುವಷ್ಟು ಕೊಬ್ಬರಿ ಎಣ್ಣೆ ಹಾಕಿ ಬಿಗಿದು ಕಟ್ಟುವ ಹಳೆಯ ದಾರಿಯೂ ಮುಚ್ಚಿತು. ಉಳಿದದ್ದು ತಲೆಗೆ ಒತ್ತಿಕೊಂಡಿರುವ ಎರಡು ಜಡೆ. ಅಂಗಾತ ಬಿದ್ದರೂ ಹಿಂದಲೆಯ ನಡುವೆ ಏನೂ ಇರುವುದಿಲ್ಲ.

ಮೊದಲು ಪಾರ್ಲರಿಗೇ ಹೋಗುತ್ತಿದ್ದೆ. ಒಂದು ಸಲಕ್ಕೆ ನೂರೈವತ್ತು ರೂಪಾಯಿ, ಹಬ್ಬದ ದಿನಗಳಲ್ಲಿ ಇನ್ನೂರು. ನಮ್ಮ ದಕ್ಷಿಣ ಕನ್ನಡದಲ್ಲಿ ಮಳೆ ನಿಂತ ಮೇಲೆ ಹೊನಲು ಬೆಳಕಿನ ಪಂದ್ಯಾಟಗಳ ಸಾಲೇ ಸಾಲು. ಆ ನಾಲ್ಕೈದು ತಿಂಗಳಿಗೆ ಜಡೆಯ ಖರ್ಚೇ ಮೂರೂವರೆ ಸಾವಿರದ ಹತ್ತಿರ ಹೋಗುತ್ತಿತ್ತು. ಗೆದ್ದ ಬಹುಮಾನದ ಹಣವನ್ನು ತಂಡದವರೆಲ್ಲ ಹಂಚಿಕೊಂಡರೆ ನನ್ನ ಪಾಲಿಗೆ ಬರುತ್ತಿದ್ದುದು ಅದಕ್ಕಿಂತ ಕಡಿಮೆ. ಅದೂ ಅಲ್ಲದೆ ಪಾರ್ಲರು ಸಂಜೆ ಏಳಕ್ಕೆ ಮುಚ್ಚುತ್ತದೆ, ನಮ್ಮ ಪಂದ್ಯ ಶುರುವಾಗುವುದು ರಾತ್ರಿ ಹನ್ನೊಂದಕ್ಕೆ. ಅಷ್ಟರೊಳಗೆ ಜಡೆ ಅರ್ಧ ಸಡಿಲ.

ಸ್ವಂತ ಕೈಯಿಂದ ಮಾಡಿಕೊಳ್ಳಲು ಹೊರಟು ಮೊದಲು ದುಡ್ಡು ಸುರಿದದ್ದು ಕನ್ನಡಿಗೆ. ಮೂರು ಮಡಿಕೆಯ, ಬಾಗಿಲಿಗೆ ನೇತುಹಾಕುವ ಕನ್ನಡಿ, ಸಾವಿರದ ಎಂಟುನೂರು ಚಿಲ್ಲರೆ. ಹಿಂದಲೆ ಅಚ್ಚುಕಟ್ಟಾಗಿ ಕಾಣುತ್ತಿತ್ತು, ಕೈ ಮಾತ್ರ ಕೆಲಸ ಮಾಡುತ್ತಿರಲಿಲ್ಲ. ಒಂದು ಕನ್ನಡಿಯಲ್ಲಿ ಹಿಂದೆ ಮುಂದೆ ಅದಲುಬದಲು, ಇನ್ನೊಂದರಿಂದ ಮರಳಿ ಬಂದ ಬಿಂಬದಲ್ಲಿ ಎಡ ಬಲ ಅದಲುಬದಲು. ಎಳೆಯನ್ನು ಯಾವ ಕಡೆಗೆ ದಾಟಿಸಬೇಕೆಂದು ಪ್ರತಿ ಸಲ ನಿಂತು ಯೋಚಿಸಬೇಕು. ಯೋಚಿಸುವಷ್ಟರಲ್ಲಿ ಹಿಡಿತ ಸಡಿಲುತ್ತದೆ. ಮೊಬೈಲ್ ಕ್ಯಾಮೆರಾ ಇಟ್ಟೂ ನೋಡಿದೆ, ಅದೇ ಪಾಡು. ಒಂದು ರಾತ್ರಿ ಪಂದ್ಯದ ಮೈದಾನದಲ್ಲಿ ಕರೆಂಟು ಹೋಗಿ, ಹತ್ತಿರದ ಶಾಲೆಯ ಜಗಲಿಯಲ್ಲಿ ಕತ್ತಲಲ್ಲೇ ಕೂತು ಹೆಣೆದೆ. ಅಲ್ಲಿಯವರೆಗಿನ ಎಲ್ಲ ಜಡೆಗಳಿಗಿಂತ ಅದೇ ಚೆನ್ನಾಗಿ ಬಂತು. ಕನ್ನಡಿಯನ್ನು ತಂಗಿಗೆ ಕೊಟ್ಟುಬಿಟ್ಟೆ.

ಈಗ ಮಾಡುವುದು ಹೀಗೆ. ತಲೆಗೆ ಸ್ನಾನ ಮಾಡಿದ ಮರುದಿನದ ಕೂದಲು ಬೇಕು. ಅಂದೇ ತೊಳೆದದ್ದು ಬೆರಳಿನಿಂದ ಜಾರುತ್ತದೆ. ಒದ್ದೆ ಇರುವಾಗ ಹೆಣೆದರೆ ಬಿಗಿ ನಿಲ್ಲುತ್ತದೆ ಎಂದು ಹೇಳುವವರ ಮಾತು ಕೇಳಬೇಡಿ. ಒದ್ದೆ ಕೂದಲು ಎಳೆದಷ್ಟೂ ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಂತೂ ಒಳಗೆ ಒಣಗದೆ ವಾಸನೆ ಬರುತ್ತದೆ. ಬೈತಲೆಯನ್ನು ಎರಡು ಕಂತಿನಲ್ಲಿ ತೆಗೆಯುತ್ತೇನೆ: ಹಣೆಯಿಂದ ನೆತ್ತಿಯವರೆಗೆ ಒಂದು, ಆಮೇಲೆ ಬಾಚಣಿಗೆಯ ಬಾಲವನ್ನು ಕತ್ತಿನ ಕುಳಿಯಲ್ಲಿಟ್ಟು ಕೆಳಗಿನಿಂದ ಮೇಲಕ್ಕೆ ಇನ್ನೊಂದು. ಎರಡೂ ನೆತ್ತಿಯಲ್ಲಿ ಕೂಡುವಂತೆ ಮಾಡುವುದಕ್ಕೆ ನನ್ನದೊಂದು ಉಪಾಯವಿದೆ. ಅದನ್ನು ಎದುರು ಕೂತವರಿಗೆ ಮಾತ್ರ ತೋರಿಸುತ್ತೇನೆ.

ಬಲಗೈಯವರು ಎಡ ಜಡೆಯಿಂದ ಶುರುಮಾಡಿ. ಕೈ ಸೋಲದಿರುವಾಗ ಕಷ್ಟದ ಕಡೆ ಮುಗಿಯಲಿ. ನಾನು ಮೊದಲೆಲ್ಲ ಬಲದಿಂದ ಹೆಣೆಯುತ್ತಿದ್ದಾಗ ಎಡ ಜಡೆ ಪ್ರತಿ ಸಲವೂ ಒಂದು ಬೆರಳಿನಷ್ಟು ಕೆಳಗೆ ಜೋತುಬೀಳುತ್ತಿತ್ತು. ಎರಡು ಎಳೆ ಒಂದೇ ಕೈಯಲ್ಲಿರಬೇಕು: ಒಂದು ಹೆಬ್ಬೆರಳು ತೋರುಬೆರಳಿನ ನಡುವೆ, ಇನ್ನೊಂದು ನಡುಬೆರಳು ಉಂಗುರಬೆರಳಿನ ನಡುವೆ. ಹೊಸ ಕೂದಲನ್ನು ಎತ್ತಿಕೊಳ್ಳುವುದು ಕಿರುಬೆರಳಿನ ಕೆಲಸ. ಅದರ ಉಗುರು ತಲೆಯ ಚರ್ಮವನ್ನು ಗೀರಿಕೊಂಡು ಬೈತಲೆಯಿಂದ ಜಡೆಯ ಕಡೆಗೆ ಬರಬೇಕು, ಆಗ ಎತ್ತಿದ ಎಳೆ ಎಷ್ಟು ದಪ್ಪ ಎಂಬುದು ಕಣ್ಣಿಲ್ಲದೆಯೂ ತಿಳಿಯುತ್ತದೆ. ಒಂದೊಂದು ಬದಿಗೆ ಏಳೆಂಟು ಸಲ ಎತ್ತಿದರೆ ಸಾಕು. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಜಡೆ ಕಿವಿಯವರೆಗೆ ಬರುವ ತನಕ ಮೊಣಕೈಗಳನ್ನು ಮೇಜಿನ ಮೇಲೆ ಊರಿಕೊಂಡಿರಿ. ಅರ್ಧಕ್ಕೇ ಬಿಡುವವರಲ್ಲಿ ಹೆಚ್ಚಿನವರು ತೋಳು ಜೋಮು ಹಿಡಿಯುವ ಈ ಒಂದು ಕಾರಣಕ್ಕೇ ಬಿಡುತ್ತಾರೆ.

ಇನ್ನು ಕತ್ತಿನ ಹತ್ತಿರದ ಮಾತು. ನನ್ನನ್ನು ಹೆಚ್ಚು ಕಾಡಿದ್ದು ಅದೇ. ಕಿವಿ ದಾಟಿದ ಮೇಲೆ ಎಲ್ಲರೂ ತಲೆ ಬಗ್ಗಿಸುತ್ತಾರೆ, ಕೈಗೆ ಸುಲಭವಾಗಿ ಸಿಗಲಿ ಎಂದು. ಬಗ್ಗಿಸಿದಾಗ ಕತ್ತಿನ ಚರ್ಮ ಹಿಗ್ಗಿರುತ್ತದೆ. ಜಡೆ ಮುಗಿಸಿ ತಲೆ ಎತ್ತಿದೊಡನೆ ಆ ಚರ್ಮ ಕುಗ್ಗಿ, ಅಲ್ಲಿಯ ಕೂದಲೆಲ್ಲ ಚೀಲದಂತೆ ಉಬ್ಬಿ ನಿಲ್ಲುತ್ತದೆ. ಎರಡು ರೈಡ್ ಮುಗಿಯುವಷ್ಟರಲ್ಲಿ ಆ ಉಬ್ಬಿನಿಂದಲೇ ಜಡೆ ಬಿಚ್ಚಿಕೊಳ್ಳುತ್ತದೆ. ಇದಕ್ಕಾಗಿ ಎಷ್ಟು ರಬ್ಬರು, ಎಷ್ಟು ಸ್ಪ್ರೇ! ಏನೂ ಬೇಡ. ಕಿವಿ ದಾಟಿದ ಕೂಡಲೇ ಗಲ್ಲ ಮೇಲೆತ್ತಿ, ಮನೆಯ ಸೂರು ನೋಡಿ. ಮೊಣಕೈ ಮೇಜಿನಿಂದ ಏಳುತ್ತದೆ, ಭುಜ ನೋಯುತ್ತದೆ, ಆದರೆ ಅದು ಎರಡು ನಿಮಿಷದ ಕೆಲಸ. ಕೈ ಚರ್ಮಕ್ಕೆ ತಾಗಿಕೊಂಡೇ ಇರಲಿ. ಮೊದಲೆಲ್ಲ ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ನನಗೆ ಈಗ ಎರಡೂ ಸೇರಿ ಹತ್ತು ಹನ್ನೆರಡು ನಿಮಿಷ. ಭಾರತದ ಮಹಿಳಾ ಕಬಡ್ಡಿ ತಂಡದಲ್ಲಿ ಆಡಿದ ಮಮತಾ ಪೂಜಾರಿಯವರ ಊರಾದ ಕಾರ್ಕಳದ ಕಡೆ ಒಮ್ಮೆ ಆಡಲು ಹೋದಾಗ ಸೆಮಿಫೈನಲ್, ಫೈನಲ್ ಎರಡೂ ಒಂದೇ ರಾತ್ರಿ. ಹದಿನೈದು ನಿಮಿಷದ ಎರಡೆರಡು ಅವಧಿ, ಜಡೆ ಒಂದು ಎಳೆಯೂ ಕದಲಲಿಲ್ಲ. ಎದುರಿನ ತಂಡದವರೇ ಬಂದು ಯಾರು ಹಾಕಿದ್ದು ಎಂದು ಕೇಳಿದರು.

ಹಣೆಯ ಹತ್ತಿರದ ಪುಡಿಗೂದಲಿಗೆ ನಾನೂರೈವತ್ತು ರೂಪಾಯಿಯ ಜೆಲ್ ತಂದಿದ್ದೆ. ಬೆವರು ತಗುಲಿದ್ದೇ ತಡ, ಬಿಳಿ ಪುಡಿಯಾಗಿ ಹುಬ್ಬಿನ ಮೇಲೆ ಉದುರಿತು. ಆಮೇಲೆ ದಾಸವಾಳದ ಎಲೆ ಕಿವುಚಿದ ಲೋಳೆ ಹಾಕಿದೆ. ತಂಪು, ಆದರೆ ಹಿಡಿತವಿಲ್ಲ. ಲೋಳೆಸರವೂ ಅಷ್ಟೇ, ಒಣಗಿದ ಮೇಲೆ ತುರಿಕೆ ಬೇರೆ. ನಿಂತದ್ದು ಅಗಸೆ ಬೀಜ. ಎರಡು ಚಮಚ ಬೀಜಕ್ಕೆ ಒಂದೂವರೆ ಲೋಟ ನೀರು, ಮೊಟ್ಟೆಯ ಬಿಳಿಯಷ್ಟು ಗಟ್ಟಿಯಾಗುವವರೆಗೆ ಕುದಿಸಿ ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಬೇಕು. ಆರಿದ ಮೇಲೆ ಬಟ್ಟೆಯಿಂದ ಇಳಿಯುವುದೇ ಇಲ್ಲ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ, ಖರ್ಚು ಹತ್ತು ರೂಪಾಯಿಯೂ ಇಲ್ಲ. ಅದಕ್ಕೆ ಚಿಟಿಕೆಯಷ್ಟು ಸೇರಿಸುವ ಇನ್ನೊಂದು ವಸ್ತು ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎಳೆಗಳನ್ನು ಮೇಲಿನಿಂದ ದಾಟಿಸದೆ ಅಡಿಯಿಂದ ದಾಟಿಸುವ ಡಚ್ ಜಡೆಯನ್ನೂ ಒಂದಷ್ಟು ದಿನ ಹಾಕಿದೆ. ತಲೆಯ ಮೇಲೆ ದಪ್ಪಗೆ ಎದ್ದು ಕಾಣುತ್ತದೆ, ಫೋಟೋಕ್ಕೆ ಬಹಳ ಚೆಂದ. ಆದರೆ ಆ ಏರೇ ಬಿದ್ದಾಗ ತಲೆಗೆ ಒತ್ತುತ್ತದೆ. ಮದುವೆ ಮನೆಗೆ ಅದು, ಅಂಕಣಕ್ಕೆ ಇದು. ತುದಿಗೆ ಪಾರದರ್ಶಕ ಸಣ್ಣ ರಬ್ಬರು ಬೇಡ, ಬಿಚ್ಚುವಾಗ ಕೂದಲನ್ನೂ ಕಿತ್ತುಕೊಂಡೇ ಬರುತ್ತದೆ. ಶಾಲೆಯ ಜಡೆಗೆ ಕಟ್ಟುವ ಕಪ್ಪು ಟೇಪನ್ನು ಉದ್ದಕ್ಕೆ ಸೀಳಿ, ಕೊನೆಯ ನಾಲ್ಕು ಬೆರಳು ಉಳಿದಾಗ ಎಳೆಗಳ ಜೊತೆಗೇ ಸೇರಿಸಿ ಹೆಣೆದು ಗಂಟು ಹಾಕುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳುವುದಿಲ್ಲ: ಹಣೆಯ ಅಂಚಿನ ಮೊದಲ ಎರಡು ಹೆಣಿಗೆ ಸಡಿಲವಾಗಿಯೇ ಇರಬೇಕು. ಹುಬ್ಬು ಮೇಲೇಳುವಷ್ಟು ಬಿಗಿದರೆ ಬುಡದಲ್ಲಿ ಗುಳ್ಳೆ ಏಳುತ್ತದೆ. ವರ್ಷಗಟ್ಟಲೆ ಹಾಗೇ ಎಳೆದರೆ ಹಣೆಯ ಬದಿಯ ಕೂದಲು ಉದುರಿ ಮತ್ತೆ ಬಾರದೆಯೂ ಹೋಗಬಹುದು. ಪಂದ್ಯ ಮುಗಿದ ರಾತ್ರಿ ಎಷ್ಟೇ ನಿದ್ದೆ ಬರಲಿ, ಬಿಚ್ಚಿಯೇ ಮಲಗಿ. ತುದಿಯಿಂದ ಮೇಲಕ್ಕೆ, ಬೆರಳಿನಲ್ಲೇ. ಮಣ್ಣಿನ ಅಂಕಣವಾಗಿದ್ದರೆ ತಲೆ ಬಗ್ಗಿಸಿ ಒಮ್ಮೆ ಕೊಡವಿ, ಧೂಳು ಉದುರಿದ ಮೇಲೆ ಬಾಚಣಿಗೆ ಹಾಕಿ.