ಮನೆಯ ಹೆಂಗಸನ್ನು ಕುಡಿತ ಬಿಡಿಸಲು ಕರೆದುಕೊಂಡು ಬರುವ ಮುಂಚೆ

ಮಂಗಳೂರಿನಲ್ಲಿ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಗಂಡಸು ಕುಡಿದರೆ ಹೆಂಡತಿಯೇ ಕೈಹಿಡಿದು ಆಸ್ಪತ್ರೆಗೆ ಕರೆತರುತ್ತಾಳೆ. ಹೆಂಗಸು ಕುಡಿದರೆ ಮರ್ಯಾದೆಯ ಭಯ, ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಆದರೆ ಹೆಂಗಸರ ಲಿವರ್ ಗಂಡಸರದ್ದಕ್ಕಿಂತ ಬೇಗ ಕೆಡುತ್ತದೆ. ಕಾಯಬೇಡಿ.

ದಿನಾ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ "ಇವತ್ತಿಂದ ಬಂದ್" ಅನ್ನಬೇಡಿ. ಬೆಳಿಗ್ಗೆ ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದರೂ ತುಳುಕುತ್ತಿದೆಯಾ? ಬೆವರು, ವಾಂತಿ ಇದೆಯಾ? ಹಾಗಿದ್ದರೆ ದೇಹ ಕುಡಿತಕ್ಕೆ ಒಗ್ಗಿಹೋಗಿದೆ. ತಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ ಇಲ್ಲದ್ದು ಕಾಣುವುದು, ತಾನೆಲ್ಲಿದ್ದೇನೆ ಎಂದೇ ತಿಳಿಯದಿರುವುದು. ಜೀವಕ್ಕೇ ಅಪಾಯ. ನಿದ್ದೆ ಮಾತ್ರೆಯ ಚಟಕ್ಕೂ ಇದೇ ಮಾತು, ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸುವ ಪುಡಿಯನ್ನಂತೂ ತರಲೇಬೇಡಿ. ಅದರಲ್ಲಿ ಡೈಸಲ್ಫಿರಾಮ್ ಎಂಬ, ಕುಡಿತದ ಜೊತೆ ಸೇರಬಾರದ ಮದ್ದು ಇರಬಹುದು. ಅದರ ಮೇಲೆ ಅವರು ಕುಡಿದರೆ ಬಿಪಿ ಕುಸಿದು ಪ್ರಾಣ ಹೋಗಬಹುದು.

ಎಲ್ಲಿಗೆ ಹೋಗುವುದು ಎಂದು ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಸಿಗುತ್ತಾರೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಚಟದ ವಿಷಯಕ್ಕೇ ಇರುವ ನಂಬರ್ 14446. ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ, ಮಣಿಪಾಲದ ಕೆಎಂಸಿ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ.

ಬೇರೆ ಕೇಂದ್ರಕ್ಕೆ ಸೇರಿಸುವುದಾದರೆ ಫೋನಿನಲ್ಲೇ ವಿಚಾರಿಸಿ. ನೋಂದಣಿ ಇದೆಯಾ? ಹೆಂಗಸರ ವಾರ್ಡ್ ಬೇರೆ ಇದೆಯಾ? ರಾತ್ರಿ ಪಾಳಿಯಲ್ಲಿ ನರ್ಸಮ್ಮ ಇರುತ್ತಾರಾ? ಮನೆಗೆ ಫೋನ್ ಮಾಡಲು ಬಿಡುತ್ತಾರಾ? ಎರಡು ವರ್ಷದ ಕೂಸಿದ್ದರೆ ಅದನ್ನೂ ಜೊತೆಗೆ ಇರಿಸಿಕೊಳ್ಳುತ್ತಾರಾ ಎಂದು ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಅಗಲಿಸುವಂತಿಲ್ಲ. ಸರಪಳಿ ಹಾಕುವುದಂತೂ ಕಾನೂನುಬಾಹಿರ. "ಹೊಡೆದು ಸರಿ ಮಾಡುತ್ತೇವೆ" ಅನ್ನುವ ಕಡೆ ಕಾಲಿಡಬೇಡಿ.

ಬ್ಯಾಗಿನಲ್ಲಿ ಎರಡು ನೈಟಿ, ಪ್ಯಾಡ್, ಡಾಕ್ಟರ ಹಳೇ ಚೀಟಿ. ಜೊತೆಗೆ ಅವರು ತಿನ್ನುವ ಎಲ್ಲಾ ಮಾತ್ರೆಗಳ ಸ್ಟ್ರಿಪ್, ಖಾಲಿಯಾದದ್ದೂ ಇರಲಿ. ಕುಡಿತ ಒಪ್ಪಿಕೊಂಡವರೂ ಮಾತ್ರೆಯನ್ನು ಮುಚ್ಚಿಡುತ್ತಾರೆ. ಬಸುರಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ ಮೊದಲೇ ಹೇಳಿ, ಮದ್ದು ಬದಲಾಗುತ್ತದೆ.

ಡಾಕ್ಟರು ಮಾತಾಡಿಸುವಾಗ ನೀವು ಹೊರಗೆ ಕೂತುಕೊಳ್ಳಿ. ಇದು ನನ್ನ ದೊಡ್ಡ ಬೇಡಿಕೆ. ಪಕ್ಕದಲ್ಲಿ ಕೂತು "ಎಲ್ಲಾ ಹೇಳು" ಅನ್ನುವವರೇ ಮನೆಯಲ್ಲಿ ಹೊಡೆಯುವವರಾಗಿರುತ್ತಾರೆ, ಕೆಲವೊಮ್ಮೆ. ಅವರೆದುರು ಯಾವ ಹೆಂಗಸು ಬಾಯಿ ಬಿಡುತ್ತಾಳೆ ಹೇಳಿ?

ಡಿಸ್ಚಾರ್ಜ್ ಆದ ಮೇಲೆಯೇ ನಿಜವಾದ ಕಷ್ಟ. ಗಂಡಸಿಗೆ "ರೆಸ್ಟ್ ತಗೋ" ಅನ್ನುತ್ತೇವೆ. ಹೆಂಗಸಾದರೆ ಮನೆಗೆ ಬಂದ ದಿನವೇ ಅಡುಗೆಮನೆ, ಅಲ್ವಾ? ಕೆಲವು ವಾರ ಅಡುಗೆ, ಮಕ್ಕಳನ್ನು ಶಾಲೆಗೆ ಬಿಡುವುದು ಬೇರೆಯವರು ನೋಡಿಕೊಳ್ಳಿ. ಮದುವೆಯ ಮುಂಚೆ ನಡೆಯುವ, ಬಾಟಲಿ ತೆರೆಯುವ ರೋಸ್, ಮೆಹಂದಿಗಳಿಗೆ ಕೆಲವು ತಿಂಗಳು ಹೋಗದಿದ್ದರೆ ನಂಟರು ಏನೂ ಸಾಯುವುದಿಲ್ಲ. ಮನೆಯಲ್ಲಿ ಗಂಡನೂ ಬಾಟಲಿ ಇಡಬಾರದು. ಕುಡಿತ ಬಿಟ್ಟ ಹೆಂಗಸು ಎಎ (ಕುಡಿತ ಬಿಡುವವರೇ ಸೇರುವ ಗುಂಪು) ಸಭೆಗೆ ಹೋಗಲಿ, ನೀವು ಅಲ್-ಅನಾನ್‌ಗೆ (ಕುಡಿಯುವವರ ಮನೆಯವರ ಗುಂಪು) ಹೋಗಿ.

ಮತ್ತೆ ಕುಡಿದರೆ ತವರಿಗೆ ಕಳಿಸಬೇಡಿ. ಅದೇ ಫೈಲ್ ಹಿಡಿದುಕೊಂಡು, ಮುಂದಿನ ತಾರೀಖಿಗೆ ಕಾಯದೆ, ಡಾಕ್ಟರ ಹತ್ತಿರ ಕರೆದುಕೊಂಡು ಬನ್ನಿ.