ಅವರ ದನಿಗೆ ಬೀಟ್ ಹೊಂದಿಸಿದ್ದು

ನಾನಿರುವುದು ಶಿಕಾಗೋದಲ್ಲಿ. ಹಗಲು ಆಫೀಸು, ರಾತ್ರಿ ಮನೆಯ ಚಿಕ್ಕ ರೂಮಿನಲ್ಲಿ ಹೌಸ್ ಮ್ಯೂಸಿಕ್ ಮಾಡುತ್ತೇನೆ, ಅಂದರೆ ಒಂದೇ ಸಮ ಬೀಟ್ ಇರುವ ಡ್ಯಾನ್ಸ್ ಸಂಗೀತ. ಈ ಸಂಗೀತ ಹುಟ್ಟಿದ್ದೇ ಈ ಊರಿನಲ್ಲಿ. 1980ರ ದಶಕದ ಶುರುವಿನಲ್ಲಿ ಡಿಜೆ ಫ್ರ್ಯಾಂಕಿ ನಕಲ್ಸ್ 'ವೇರ್‌ಹೌಸ್' ಕ್ಲಬ್ಬಿನಲ್ಲಿ ಹಾಡು ಹಾಕುತ್ತಿದ್ದ ಕಾಲ ಅದು. ಚರ್ಚಿನಲ್ಲಿ ಗಾಸ್ಪೆಲ್ ಎಂಬ ಭಕ್ತಿಗೀತೆ ಹಾಡಿ ಬೆಳೆದ ಗಾಯಕಿಯರ ದನಿ ಮೊದಲಿನಿಂದಲೂ ಇದರೊಳಗಿದೆ.

ಕಳೆದ ವರ್ಷ ಚರ್ಚ್ ಕಾಯರ್‌ನಲ್ಲಿ (ಗಾಯನ ತಂಡದಲ್ಲಿ) ಹಾಡುವ ಒಬ್ಬ ಹಿರಿಯರನ್ನು ಮನೆಗೆ ಕರೆದೆ. ಹೆಡ್‌ಫೋನಿನಲ್ಲಿ ತಾಳ ತೋರಿಸುವ ಕ್ಲಿಕ್ ಸದ್ದು ಹಾಕಿಕೊಟ್ಟಾಗ ಅವರ ದನಿ ಬಿಗಿಯಾಯಿತು. ತೆಗೆದುಬಿಟ್ಟೆ. ಕಾಲಲ್ಲಿ ತಾಳ ಹಾಕುತ್ತಾ ನಾಲ್ಕು ಸಾಲು ಹಾಡಿದರು. ನನಗೆ ಮೈ ಜುಮ್ಮೆಂದಿತು.

ಆಮೇಲೆ ತಪ್ಪು ಮಾಡಿದೆ. ಎರಡು ರಾತ್ರಿ ಕೂತು ಒಂದೊಂದು ಅಕ್ಷರವನ್ನೂ ಎಳೆದು 124 ಬಿಪಿಎಂನ (ನಿಮಿಷಕ್ಕೆ 124 ಬೀಟ್) ಗೆರೆಗೆ ಕೂರಿಸಿದೆ. ಶ್ರುತಿಯನ್ನೂ ಸಾಫ್ಟ್‌ವೇರ್‌ನಲ್ಲಿ ತಿದ್ದಿದೆ. ಬೆಳಿಗ್ಗೆ ಕೇಳಿದರೆ ಹಾಡಿನಲ್ಲಿ ಜೀವವೇ ಇಲ್ಲ. ಅವರು ಸ್ವರಕ್ಕೆ ಕೆಳಗಿನಿಂದ ಜಾರಿ ಬರುತ್ತಾರೆ, ನಮ್ಮ ಗಮಕದ ಹಾಗೆ. ಸಾಫ್ಟ್‌ವೇರ್ ಅದನ್ನೇ ಅಪಸ್ವರ ಅಂದುಕೊಂಡು ಚಪ್ಪಟೆ ಮಾಡಿತ್ತು. ಗಮಕ ತೆಗೆದರೆ ಹಾಡಿನಲ್ಲಿ ಉಳಿಯುವುದೇನು, ಅಲ್ವಾ?

ಎಲ್ಲ ಅಳಿಸಿದೆ. ಪ್ರತಿ ಸಾಲಿನಲ್ಲಿ ಅವರು ಒತ್ತಿ ಹಾಡುವ ಒಂದು ಅಕ್ಷರವನ್ನು ಮಾತ್ರ ಕಿಕ್ ಡ್ರಮ್ಮಿಗೆ (ಬೀಟ್ ಕೊಡುವ ದಪ್ಪ ಸದ್ದಿನ ಡ್ರಮ್) ಸೇರಿಸಿ ಮಿಕ್ಕದ್ದನ್ನು ಹಾಗೇ ಬಿಟ್ಟೆ. ವೇಗ 120ಕ್ಕೆ ಇಳಿಸಿದೆ. ಮೊದಲ 16 ಬಾರ್ (ತಾಳದ ಸುತ್ತು) ಡ್ರಮ್ಮೇ ಇಲ್ಲ, ಆರ್ಗನ್ ಮತ್ತು ಅವರ ದನಿ ಅಷ್ಟೇ. ಅವರು ಕೊನೆಯ ಸಾಲನ್ನು ಒಂಚೂರು ತಡಮಾಡಿ ಮುಗಿಸುತ್ತಾರೆ. ಕಿಕ್ ಅದಕ್ಕೆ ಕಾಯುತ್ತದೆ. ಆ ಕಾಯುವಿಕೆಯಲ್ಲೇ ಎಲ್ಲ ಇದೆ.

ಹಾಡಿನ ಕೋರಸ್‌ಗೆ ಅವರ ಇಬ್ಬರು ಗೆಳತಿಯರೂ ಬಂದರು. ಮೂವರೂ ನಾಲ್ಕು ಸಲ ಹಾಡಿದರು, ಪ್ರತಿ ಸಲ ಮೈಕಿನಿಂದ ಒಂದು ಹೆಜ್ಜೆ ಹಿಂದೆ ನಿಂತು. ಎಲ್ಲ ಒಂದರ ಮೇಲೊಂದು ಇಟ್ಟಾಗ ಒಟ್ಟು 12 ದನಿ. ಚಪ್ಪಾಳೆಯೂ ಅವರದೇ. 100 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ಸದ್ದನ್ನು ದನಿಯಿಂದ ತೆಗೆದಾಗ ಕಿಕ್‌ಗೆ ಜಾಗ ಸಿಕ್ಕಿತು. ರಿವರ್ಬ್ (ದನಿಯ ಮಾರ್ದನಿ) ಅವರು ಹಾಡುವಾಗ ತಗ್ಗಿ, ಉಸಿರು ಎಳೆದುಕೊಳ್ಳುವಾಗ ಏಳುವಂತೆ ಅದನ್ನು ಅವರ ದನಿಗೇ ಕಟ್ಟಿದೆ; ಇದಕ್ಕೆ ಸೈಡ್‌ಚೈನ್ ಅನ್ನುತ್ತಾರೆ. ರಿವರ್ಬ್ ಜಾಸ್ತಿಯಾದರೆ ಮಾತೇ ಕೇಳುವುದಿಲ್ಲ. ಗಾಸ್ಪೆಲ್‌ನಲ್ಲಿ ಮಾತು ಕೇಳಲೇಬೇಕು.

ಇನ್ನೊಂದು ವಿಷಯ. ಗಾಸ್ಪೆಲ್‌ನಿಂದ ಬಂದ ಲೊಲಿಯಾಟಾ ಹಾಲೊವೇ 1980ರಲ್ಲಿ ಹಾಡಿದ್ದ ದನಿಯನ್ನು 1989ರ ಒಂದು ಹಿಟ್ ಡ್ಯಾನ್ಸ್ ಹಾಡಿನಲ್ಲಿ ಅವರ ಹೆಸರಿಲ್ಲದೆ ಬಳಸಿದ್ದರು. ವಿಡಿಯೋದಲ್ಲಿ ತುಟಿ ಆಡಿಸಿದ್ದು ಒಬ್ಬ ಮಾಡೆಲ್. ಅದನ್ನು ಓದಿದಾಗಿನಿಂದ ನನಗೆ ಸಿಟ್ಟಿದೆ. ಹಾಗಾಗಿ ಮೈಕ್ ಆನ್ ಮಾಡುವ ಮೊದಲೇ ಹೆಸರು, ಪಾಲು ಎಲ್ಲ ಕಾಗದದಲ್ಲಿ ಬರೆದು ಮೂವರಿಗೂ ಕೊಟ್ಟೆ. ಹಾಡಿನ ಮೇಲೆ ಮೊದಲ ಹೆಸರು ಆ ಹಿರಿಯರದು, ನನ್ನದು ಆಮೇಲೆ.